ಬೆಂಗಳೂರಿನಲ್ಲಿ ಆರಿಸಿದ ರಾಷ್ಟ್ರಪತಿ ಅಭ್ಯರ್ಥಿ

ರಾಷ್ಟ್ರಪತಿ ಚುನಾವಣೆಗೆ ತಮ್ಮ ಅಭ್ಯರ್ಥಿ ಯಾರೆಂಬುದನ್ನು ರಾಷ್ಟ್ರೀಯ ಪಕ್ಷಗಳು ಸಾಮಾನ್ಯವಾಗಿ ದೆಹಲಿಯಲ್ಲಿ ತೀರ್ಮಾನಿಸುತ್ತವೆ. 1969ರ ಜುಲೈ 12ರಂದು ಕಾಂಗ್ರೆಸ್ಸಿನ ಈ ತೀರ್ಮಾನ ಬೆಂಗಳೂರಿನಲ್ಲಿ ಆಯಿತು. ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಅಧಿವೇಶನ ನಡೆಯುತ್ತಿದ್ದ ದಿನಗಳಲ್ಲೇ ಪಕ್ಷದ ಸಂಸದೀಯ ಮಂಡಳಿ ಪ್ರತ್ಯೇಕವಾಗಿ ಸೇರಿ, ನೀಲಂ ಸಂಜೀವ ರೆಡ್ಡಿ ಅವರನ್ನು ಬಹುಮತದಿಂದ ಆರಿಸಿತು. ಪ್ರಧಾನಿ ಇಂದಿರಾ ಗಾಂಧಿ ಅವರು ಸೂಚಿಸಿದ ಹೆಸರು ಸೋತಿತು. ಐದು ವಾರಗಳ ನಂತರ ಪಕ್ಷದ ಅಧಿಕೃತ ಅಭ್ಯರ್ಥಿಯೇ ಸೋತರು. ವರ್ಷ ಮುಗಿಯುವುದರೊಳಗೆ ಕಾಂಗ್ರೆಸ್ ಎರಡಾಯಿತು.

ಇಂದಿನ ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ಸೀಮೆಗೆ ಈ ಪ್ರಕರಣದೊಂದಿಗೆ ನೇರ ನಂಟಿದೆ. ಆಯ್ಕೆ ಸಭೆಯ ಅಧ್ಯಕ್ಷತೆ ವಹಿಸಿದವರು ಜಗಳೂರಿನ ನೆರೆಯ ಹರಪನಹಳ್ಳಿ ತಾಲ್ಲೂಕಿನ ಹಲುವಾಗಲಿನಲ್ಲಿ ಹುಟ್ಟಿದ ಎಸ್. ನಿಜಲಿಂಗಪ್ಪ. ಆ ಚುನಾವಣೆಯ ಮತದಾರರಲ್ಲಿ ಒಬ್ಬರು ಚನ್ನಗಿರಿ ತಾಲ್ಲೂಕಿನ ಜೆ.ಎಚ್. ಪಟೇಲ್, ಇನ್ನೊಬ್ಬರು ಜಗಳೂರಿನ ಜೆ. ಮಹಮದ್ ಇಮಾಂ.

ಅಭ್ಯರ್ಥಿಯನ್ನು ಆರಿಸುವ ಎರಡು ದಾರಿ

ಚುನಾವಣೆಯಲ್ಲಿ ಮತದಾರರ ಮುಂದೆ ಬರುವ ಹೆಸರನ್ನು ಅದಕ್ಕೂ ಮೊದಲೇ ಯಾರೋ ಆರಿಸಿರುತ್ತಾರೆ. ಹಾಗೆ ಆರಿಸುವ ಅಧಿಕಾರ ಯಾರ ಕೈಯಲ್ಲಿದೆ ಎಂಬ ವಿಷಯದಲ್ಲಿ ಅಮೆರಿಕ ಮತ್ತು ಭಾರತ ಬೇರೆ ಬೇರೆ ದಾರಿ ಹಿಡಿದಿವೆ.

ಅಮೆರಿಕದ ಆರಂಭದ ದಶಕಗಳಲ್ಲಿ ಒಂದೊಂದು ಪಕ್ಷದ ಸಂಸತ್ ಸದಸ್ಯರು ತಾವೇ ಸಭೆ ಸೇರಿ ಅಧ್ಯಕ್ಷ ಹುದ್ದೆಯ ಅಭ್ಯರ್ಥಿಯನ್ನು ಹೆಸರಿಸುತ್ತಿದ್ದರು. ಈ ಸಭೆಗೆ ಅಲ್ಲಿ ಕಾಕಸ್ ಎನ್ನುತ್ತಾರೆ. 1824ರಲ್ಲಿ ಅಂಥ ಸಭೆಗೆ ಸದಸ್ಯರಲ್ಲಿ ಹೆಚ್ಚಿನವರು ಬರಲೇ ಇಲ್ಲ. ಬಂದ ಕೆಲವರು ವಿಲಿಯಂ ಕ್ರಾಫರ್ಡ್ ಅವರನ್ನು ಆರಿಸಿದರು. ಉಳಿದವರು ತಮ್ಮ ತಮ್ಮ ಅಭ್ಯರ್ಥಿಗಳನ್ನು ನಿಲ್ಲಿಸಿಕೊಂಡರು, ಕ್ರಾಫರ್ಡ್ ಮೂರನೆಯ ಸ್ಥಾನಕ್ಕೆ ಇಳಿದರು. ಅಲ್ಲಿಗೆ ಆ ಪದ್ಧತಿಯೂ ಮುಗಿಯಿತು.

ಈಗ ಅಲ್ಲಿ ಆಯ್ಕೆ ರಾಜ್ಯವಾರು ನಡೆಯುತ್ತದೆ. ಹೆಚ್ಚಿನ ರಾಜ್ಯಗಳಲ್ಲಿ ಪ್ರಾಥಮಿಕ ಚುನಾವಣೆ ಇದೆ, ಕೆಲವು ರಾಜ್ಯಗಳಲ್ಲಿ ಕಾಕಸ್ ಎಂಬ ಅದೇ ಹೆಸರಿನ, ಆದರೆ ಸಾಮಾನ್ಯ ಬೆಂಬಲಿಗರ ಸಭೆ ಇದೆ. 1972ರಿಂದ ಅಯೋವಾ ರಾಜ್ಯದ ಕಾಕಸ್ ಈ ಸರಣಿಯ ಮೊದಲ ಘಟ್ಟವೆಂದು ಹೆಸರಾಯಿತು. ನಿಗದಿಯಾದ ಸಂಜೆ ಪಕ್ಷದ ಸಾಮಾನ್ಯ ಬೆಂಬಲಿಗರು ತಮ್ಮ ಮತಗಟ್ಟೆ ವ್ಯಾಪ್ತಿಯ ಶಾಲೆ, ಚರ್ಚು, ಸಮುದಾಯ ಭವನಗಳಲ್ಲಿ ಸೇರಿ, ಅಭ್ಯರ್ಥಿಗಳ ಪರ ಮಾತು ಕೇಳಿ, ತಮ್ಮ ಒಲವು ತಿಳಿಸುತ್ತಾರೆ. ಅಲ್ಲಿ ಆರಿಸಿದ ಪ್ರತಿನಿಧಿಗಳು ಕೌಂಟಿ, ಜಿಲ್ಲೆ, ರಾಜ್ಯ ಹೀಗೆ ಹಂತಹಂತವಾಗಿ ಮೇಲಕ್ಕೆ ಹೋಗುತ್ತಾರೆ. ಕೊನೆಗೆ ರಾಷ್ಟ್ರೀಯ ಸಮಾವೇಶ ಅಭ್ಯರ್ಥಿಯನ್ನು ಘೋಷಿಸುತ್ತದೆ.

ಭಾರತದಲ್ಲಿ ರಾಷ್ಟ್ರಪತಿ ಅಭ್ಯರ್ಥಿಯ ಆಯ್ಕೆಗೆ ಇಂಥ ಮೆಟ್ಟಿಲುಗಳಿಲ್ಲ. ಪಕ್ಷದ ಸಂಸದೀಯ ಮಂಡಳಿ ಅಥವಾ ಹೈಕಮಾಂಡ್ ಒಂದು ಹೆಸರನ್ನು ಹೇಳುತ್ತದೆ. ಸಂವಿಧಾನದಲ್ಲಿ ಪಕ್ಷದ ಆಯ್ಕೆಯ ಪ್ರಸ್ತಾಪವೇ ಇಲ್ಲ. ಯಾರು ಮತ ಹಾಕಬೇಕು, ಹೇಗೆ ಹಾಕಬೇಕು ಎಂಬುದನ್ನಷ್ಟೇ 54 ಮತ್ತು 55ನೇ ವಿಧಿಗಳು ಹೇಳುತ್ತವೆ. 1969ರಲ್ಲಿ ಬೆಂಗಳೂರಿನಲ್ಲಿ ನಡೆದದ್ದು 1824ರ ಅಮೆರಿಕದ ಸಭೆಗೆ ಹತ್ತಿರದ್ದು: ಕೆಲವೇ ನಾಯಕರು ಆರಿಸಿದರು, ಮತ ಹಾಕಬೇಕಾದವರು ಒಪ್ಪಲಿಲ್ಲ.

ಚುನಾವಣೆ ಏಕೆ ಬಂತು

1969ರ ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನ್ ಅಧಿಕಾರದಲ್ಲಿದ್ದಾಗಲೇ ನಿಧನರಾದರು. ಉಪರಾಷ್ಟ್ರಪತಿ ವಿ.ವಿ. ಗಿರಿ ಹಂಗಾಮಿ ರಾಷ್ಟ್ರಪತಿಯಾದರು. ಗಿರಿ ಅವರು 1965ರಿಂದ 1967ರವರೆಗೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದವರು; ವಿಧಾನಸೌಧಕ್ಕೆ ಚೆನ್ನಾಗಿ ಪರಿಚಯವಿದ್ದ ಹೆಸರು. ರಾಷ್ಟ್ರಪತಿ ಸ್ಥಾನ ಹೀಗೆ ತೆರವಾದರೆ ಆರು ತಿಂಗಳೊಳಗೆ ಹೊಸಬರನ್ನು ಆರಿಸಬೇಕೆಂಬುದು ಸಂವಿಧಾನದ ನಿಯಮ.

ಕಾಂಗ್ರೆಸ್ಸಿನೊಳಗೆ ಆಗ ಎರಡು ಬಲಗಳಿದ್ದವು. ಒಂದು ಕಡೆ ಪ್ರಧಾನಿ ಇಂದಿರಾ ಗಾಂಧಿ. ಇನ್ನೊಂದು ಕಡೆ ಪತ್ರಿಕೆಗಳು ‘ಸಿಂಡಿಕೇಟ್’ ಎಂದು ಕರೆಯುತ್ತಿದ್ದ ಹಿರಿಯ ನಾಯಕರ ಕೂಟ. ತಮಿಳುನಾಡಿನ ಕೆ. ಕಾಮರಾಜ್, ಮುಂಬಯಿಯ ಎಸ್.ಕೆ. ಪಾಟೀಲ್, ಬಂಗಾಳದ ಅತುಲ್ಯ ಘೋಷ್, ಆಂಧ್ರದ ಸಂಜೀವ ರೆಡ್ಡಿ ಮತ್ತು ಮೈಸೂರಿನ ನಿಜಲಿಂಗಪ್ಪ ಇದರ ಮುಖ್ಯರು. ನಿಜಲಿಂಗಪ್ಪನವರು ಚಿತ್ರದುರ್ಗದಲ್ಲಿ ವಕೀಲಿಕೆ ಮಾಡಿ ರಾಜಕೀಯಕ್ಕೆ ಬಂದವರು. 1952ರಲ್ಲಿ ಚಿತ್ರದುರ್ಗದಿಂದ ಲೋಕಸಭೆಗೆ ಆಯ್ಕೆಯಾಗಿದ್ದರು, 1956ರಲ್ಲಿ ಏಕೀಕೃತ ರಾಜ್ಯದ ಮೊದಲ ಮುಖ್ಯಮಂತ್ರಿಯಾದರು, 1968ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾದರು. ಅವರು ಬಿಟ್ಟ ಮುಖ್ಯಮಂತ್ರಿ ಸ್ಥಾನಕ್ಕೆ ವೀರೇಂದ್ರ ಪಾಟೀಲರು ಬಂದರು. ಹೀಗಾಗಿ ಬೆಂಗಳೂರು ಅಧಿವೇಶನ ಪಕ್ಷಾಧ್ಯಕ್ಷರ ತವರು ರಾಜ್ಯದಲ್ಲಿ, ಅವರದೇ ಬಣದ ಸರ್ಕಾರ ಇರುವಾಗ ನಡೆಯಿತು.

ಬೆಂಗಳೂರಿನ ಜುಲೈ

ಅಧಿವೇಶನಕ್ಕೆ ಬರುವ ಮೊದಲೇ ಇಂದಿರಾ ಗಾಂಧಿ ಆರ್ಥಿಕ ನೀತಿಯ ಬಗ್ಗೆ ಒಂದು ಟಿಪ್ಪಣಿ ಕಳಿಸಿದ್ದರು. ತೋಚಿದ ಕೆಲವು ವಿಚಾರಗಳು ಎಂದು ಅವರೇ ಹೇಳಿಕೊಂಡಿದ್ದ ಆ ಟಿಪ್ಪಣಿಯಲ್ಲಿ ಬ್ಯಾಂಕ್ ರಾಷ್ಟ್ರೀಕರಣದ ಮಾತೂ ಇತ್ತು. ಅದನ್ನು ವಿರೋಧಿಸಿ ಜನರ ಕಣ್ಣಿಗೆ ಬೀಳುವುದು ಹಿರಿಯರಿಗೆ ಬೇಕಿರಲಿಲ್ಲ. ಅಧಿವೇಶನ ಅದನ್ನು ಒಪ್ಪಿಕೊಂಡಿತು. ನಿಜವಾದ ಬಲಪರೀಕ್ಷೆ ಅಭ್ಯರ್ಥಿಯ ವಿಷಯಕ್ಕೆ ಉಳಿಯಿತು.

ಸಂಸದೀಯ ಮಂಡಳಿಯಲ್ಲಿ ನಿಜಲಿಂಗಪ್ಪ, ಇಂದಿರಾ ಗಾಂಧಿ, ಮೊರಾರ್ಜಿ ದೇಸಾಯಿ, ವೈ.ಬಿ. ಚವಾಣ್, ಜಗಜೀವನ್ ರಾಂ, ಫಕ್ರುದ್ದೀನ್ ಅಲಿ ಅಹಮದ್, ಕಾಮರಾಜ್, ಎಸ್.ಕೆ. ಪಾಟೀಲ್ ಇದ್ದರು. ಹಿರಿಯರ ಆಯ್ಕೆ ಆಗ ಲೋಕಸಭೆಯ ಸ್ಪೀಕರ್ ಆಗಿದ್ದ ಸಂಜೀವ ರೆಡ್ಡಿ. ಇಂದಿರಾ ಗಾಂಧಿ ಜಗಜೀವನ್ ರಾಂ ಅವರ ಹೆಸರನ್ನು ಮುಂದಿಟ್ಟರು. ಗಾಂಧೀಜಿಯ ಜನ್ಮಶತಮಾನದ ವರ್ಷದಲ್ಲಿ ದಲಿತ ನಾಯಕರೊಬ್ಬರು ರಾಷ್ಟ್ರಪತಿಯಾಗಬೇಕು ಎಂಬುದು ಅವರ ವಾದವಾಗಿತ್ತು. ಮೊರಾರ್ಜಿ, ಕಾಮರಾಜ್, ಪಾಟೀಲ್ ರೆಡ್ಡಿ ಅವರ ಪರ ನಿಂತದ್ದು ನಿರೀಕ್ಷಿತವೇ. ಗೃಹಸಚಿವ ಚವಾಣ್ ಕೂಡ ಅತ್ತಲೇ ವಾಲಿದ್ದರಿಂದ ಪ್ರಧಾನಿಗೆ ಮಂಡಳಿಯಲ್ಲಿ ಬಹುಮತ ತಪ್ಪಿತು. ರೆಡ್ಡಿ ಅಧಿಕೃತ ಅಭ್ಯರ್ಥಿಯಾದರು.

ಪ್ರಧಾನಿಯ ಒಪ್ಪಿಗೆಯಿಲ್ಲದೆ ಆಳುವ ಪಕ್ಷ ರಾಷ್ಟ್ರಪತಿ ಅಭ್ಯರ್ಥಿಯನ್ನು ಹೆಸರಿಸಿದ್ದು ಸಣ್ಣ ವಿಷಯವಾಗಿರಲಿಲ್ಲ. ಯಾವ ಪಕ್ಷಕ್ಕೂ ಬಹುಮತ ಇಲ್ಲದಾಗ ಯಾರನ್ನು ಸರ್ಕಾರ ರಚಿಸಲು ಕರೆಯಬೇಕೆಂದು ನಿರ್ಧರಿಸುವವರು ರಾಷ್ಟ್ರಪತಿ. ತಮ್ಮನ್ನು ಪ್ರಧಾನಿ ಹುದ್ದೆಯಿಂದ ಇಳಿಸುವ ಮೊದಲ ಹೆಜ್ಜೆ ಇದು ಎಂದೇ ಇಂದಿರಾ ಗಾಂಧಿ ಇದನ್ನು ಕಂಡರು.

ಮುಂದಿನದು ಬೇಗ ಬೇಗ ನಡೆಯಿತು. ಗಿರಿ ಪಕ್ಷೇತರರಾಗಿ ನಿಲ್ಲುವುದಾಗಿ ಘೋಷಿಸಿದರು. ಜುಲೈ 16ರಂದು ಮೊರಾರ್ಜಿ ಅವರಿಂದ ಹಣಕಾಸು ಖಾತೆಯನ್ನು ಹಿಂತೆಗೆದುಕೊಳ್ಳಲಾಯಿತು. ಜುಲೈ 19ರಂದು 14 ಬ್ಯಾಂಕುಗಳು ಸುಗ್ರೀವಾಜ್ಞೆಯ ಮೂಲಕ ರಾಷ್ಟ್ರೀಕರಣಗೊಂಡವು. ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕ್ ಮತ್ತು ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ ಅವುಗಳಲ್ಲಿದ್ದವು. ಮರುದಿನ ಗಿರಿ ಹಂಗಾಮಿ ರಾಷ್ಟ್ರಪತಿ ಸ್ಥಾನ ಬಿಟ್ಟರು. ರೆಡ್ಡಿ ಅವರ ನಾಮಪತ್ರಕ್ಕೆ ಸೂಚಕರಾಗಿ ಸಹಿ ಹಾಕಿದ್ದ ಇಂದಿರಾ ಗಾಂಧಿ, ಅವರ ಪರ ವಿಪ್ ಹೊರಡಿಸಲು ಮಾತ್ರ ಒಪ್ಪಲಿಲ್ಲ. ಶಾಸಕರು, ಸಂಸದರು ಆತ್ಮಸಾಕ್ಷಿಯಂತೆ ಮತ ಹಾಕಲಿ ಎಂಬ ಕರೆ ಅವರ ಬಣದಿಂದ ಹೊರಟಿತು. ರೆಡ್ಡಿ ಅವರಿಗೆ ಎರಡನೇ ಪ್ರಾಶಸ್ತ್ಯದ ಮತ ಕೊಡಿಸಲು ನಿಜಲಿಂಗಪ್ಪ ಜನಸಂಘ ಮತ್ತು ಸ್ವತಂತ್ರ ಪಕ್ಷದ ನಾಯಕರೊಂದಿಗೆ ಮಾತುಕತೆ ನಡೆಸಿದ್ದು ಇಂದಿರಾ ಬಣದ ಕೈಗೆ ಸಿಕ್ಕ ದೊಡ್ಡ ಅಸ್ತ್ರವಾಯಿತು.

ಒಂದು ಮತದ ತೂಕ

ರಾಷ್ಟ್ರಪತಿಯನ್ನು ಆರಿಸುವವರು ಸಂಸತ್ತಿನ ಎರಡೂ ಸದನಗಳ ಚುನಾಯಿತ ಸದಸ್ಯರು ಮತ್ತು ರಾಜ್ಯ ವಿಧಾನಸಭೆಗಳ ಚುನಾಯಿತ ಸದಸ್ಯರು. ನಾಮಕರಣಗೊಂಡವರಿಗೂ ವಿಧಾನ ಪರಿಷತ್ತಿನವರಿಗೂ ಮತವಿಲ್ಲ. ಶಾಸಕರ ಮತಕ್ಕೆ ಬೆಲೆ ಕಟ್ಟುವುದು ಜನಸಂಖ್ಯೆಯ ಮೇಲೆ: ರಾಜ್ಯದ ಜನಸಂಖ್ಯೆಯನ್ನು ಚುನಾಯಿತ ಶಾಸಕರ ಸಂಖ್ಯೆಯಿಂದ ಭಾಗಿಸಿ, ಬಂದದ್ದನ್ನು ಮತ್ತೆ ಸಾವಿರದಿಂದ ಭಾಗಿಸಬೇಕು.

1961ರ ಜನಗಣತಿಯಂತೆ ಮೈಸೂರು ರಾಜ್ಯದ ಜನಸಂಖ್ಯೆ 2,35,86,772; ವಿಧಾನಸಭೆಯ ಸ್ಥಾನಗಳು 216. ಲೆಕ್ಕ ಹಾಕಿದರೆ ಒಬ್ಬ ಶಾಸಕರ ಮತಮೌಲ್ಯ 109. ಚನ್ನಗಿರಿ, ಹೊನ್ನಾಳಿ, ಜಗಳೂರು ಈ ಮೂರು ಕ್ಷೇತ್ರಗಳ ಶಾಸಕರ ಮತ ಕೂಡಿದರೆ 327. ನ್ಯಾಮತಿ ಆಗ ಹೊನ್ನಾಳಿ ತಾಲ್ಲೂಕಿನ ಒಂದು ಊರು. 2018ರಲ್ಲಿ ಪ್ರತ್ಯೇಕ ತಾಲ್ಲೂಕಾದರೂ ವಿಧಾನಸಭೆಯ ಲೆಕ್ಕದಲ್ಲಿ ಅದು ಇಂದಿಗೂ ಹೊನ್ನಾಳಿ ಕ್ಷೇತ್ರಕ್ಕೇ ಸೇರಿದೆ. ಈಗ 1971ರ ಜನಗಣತಿಯ 2,92,99,014 ಜನರನ್ನು 224 ಸ್ಥಾನಗಳಿಗೆ ಹಂಚುವುದರಿಂದ ಕರ್ನಾಟಕದ ಶಾಸಕರ ಮತಮೌಲ್ಯ 131.

ಎಲ್ಲ ರಾಜ್ಯಗಳ ಶಾಸಕರ ಮತಗಳ ಒಟ್ಟು ಮೌಲ್ಯವನ್ನು ಚುನಾಯಿತ ಸಂಸದರ ಸಂಖ್ಯೆಯಿಂದ ಭಾಗಿಸಿದರೆ ಸಂಸದರೊಬ್ಬರ ಮತಮೌಲ್ಯ ಸಿಗುತ್ತದೆ. 1969ರಲ್ಲಿ ಅದು 576 ಇತ್ತು. ಮತಪತ್ರದಲ್ಲಿ ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಎಂದು ಪ್ರಾಶಸ್ತ್ಯ ಗುರುತಿಸಬೇಕು. ಸಿಂಧು ಮತಗಳ ಅರ್ಧಕ್ಕಿಂತ ಹೆಚ್ಚು ಪಡೆದವರು ಗೆಲ್ಲುತ್ತಾರೆ. ಮೊದಲ ಸುತ್ತಿನಲ್ಲಿ ಯಾರಿಗೂ ಅಷ್ಟು ಬಾರದಿದ್ದರೆ ಕೊನೆಯ ಸ್ಥಾನದಲ್ಲಿದ್ದವರನ್ನು ಕೈಬಿಟ್ಟು, ಅವರ ಮತಪತ್ರಗಳಲ್ಲಿರುವ ಮುಂದಿನ ಪ್ರಾಶಸ್ತ್ಯದಂತೆ ಮತ ವರ್ಗಾಯಿಸುತ್ತಾರೆ. ಮತದಾನ ರಹಸ್ಯ. ಪಕ್ಷಾಂತರ ನಿಷೇಧ ಕಾಯ್ದೆ ಆಗ ಇರಲೇ ಇಲ್ಲ, ಅದು ಬಂದದ್ದು 1985ರಲ್ಲಿ. ಇವತ್ತಿಗೂ ರಾಷ್ಟ್ರಪತಿ ಚುನಾವಣೆಯ ಮತಕ್ಕೆ ಆ ಕಾಯ್ದೆ ಅನ್ವಯಿಸುವುದಿಲ್ಲ.

ಒಂದೇ ಸೀಮೆ, ಎರಡು ಪಾಳಯ

1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ರಚನೆಯಾಗುವ ಮೊದಲು ಚನ್ನಗಿರಿ, ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿತ್ತು. 1967ರ ಲೋಕಸಭಾ ಚುನಾವಣೆಯಲ್ಲಿ ಈ ಎರಡೂ ಜಿಲ್ಲೆಗಳ ಹೆಸರಿನ ಕ್ಷೇತ್ರಗಳಲ್ಲಿ ಕಾಂಗ್ರೆಸ್ ಸೋತಿತ್ತು.

ಶಿವಮೊಗ್ಗದಿಂದ ಗೆದ್ದವರು ಸಂಯುಕ್ತ ಸೋಷಲಿಸ್ಟ್ ಪಕ್ಷದ ಜೆ.ಎಚ್. ಪಟೇಲ್, ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರು. ಕಾಗೋಡು ಸತ್ಯಾಗ್ರಹ ಮತ್ತು ಶಾಂತವೇರಿ ಗೋಪಾಲಗೌಡರ ಪ್ರಭಾವದಿಂದ ಶಿವಮೊಗ್ಗ ಸೀಮೆಯಲ್ಲಿ ಬೇರೂರಿದ್ದ ಸಮಾಜವಾದಿ ರಾಜಕಾರಣದಲ್ಲಿ ಬೆಳೆದ ಅವರು 1967ರಲ್ಲಿ ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತನಾಡಿ ಹೆಸರಾದರು. ಆಗ ಸ್ಪೀಕರ್ ಪೀಠದಲ್ಲಿದ್ದವರು ಇದೇ ಸಂಜೀವ ರೆಡ್ಡಿ. 1969ರಲ್ಲಿ ಪಟೇಲರ ಪಕ್ಷ ಗಿರಿ ಅವರನ್ನು ಬೆಂಬಲಿಸಿತು.

ಚಿತ್ರದುರ್ಗದಿಂದ ಗೆದ್ದವರು ಸ್ವತಂತ್ರ ಪಕ್ಷದ ಜೆ. ಮಹಮದ್ ಇಮಾಂ. 1957ರಲ್ಲಿ ಪ್ರಜಾ ಸೋಷಲಿಸ್ಟ್ ಪಕ್ಷದಿಂದಲೂ ಅವರು ಅದೇ ಕ್ಷೇತ್ರ ಗೆದ್ದಿದ್ದರು. ಸ್ವತಂತ್ರ ಪಕ್ಷ ಮತ್ತು ಜನಸಂಘ ಆ ಚುನಾವಣೆಯಲ್ಲಿ ಮಾಜಿ ಹಣಕಾಸು ಸಚಿವ ಸಿ.ಡಿ. ದೇಶಮುಖ್ ಅವರನ್ನು ನಿಲ್ಲಿಸಿದವು. ನಿಜಲಿಂಗಪ್ಪ ಕೇಳಿದ್ದು ಈ ಪಕ್ಷಗಳ ಎರಡನೇ ಪ್ರಾಶಸ್ತ್ಯವನ್ನೇ. ಹೀಗೆ ಇಂದಿನ ಒಂದೇ ಜಿಲ್ಲೆಯ ಇಬ್ಬರು ಸಂಸದರ ಪಕ್ಷಗಳು ಒಂದೇ ಚುನಾವಣೆಯಲ್ಲಿ ಎದುರು ಬದುರಾಗಿದ್ದವು. ಕಾಂಗ್ರೆಸ್ ತನ್ನೊಳಗೇ ಮುಗಿಸಿಕೊಳ್ಳಬಹುದೆಂದು ತಿಳಿದ ಆಯ್ಕೆಯ ಭವಿಷ್ಯ ಇಂಥ ಕಾಂಗ್ರೆಸ್ಸೇತರ ಮತಗಳ ಮೇಲೆ ನಿಂತಿತು.

ಎಣಿಕೆ

1969ರ ಆಗಸ್ಟ್ 16ರಂದು ಮತದಾನ, 20ರಂದು ಎಣಿಕೆ. ಕಣದಲ್ಲಿ 15 ಮಂದಿ ಇದ್ದರು. ಮೊದಲ ಪ್ರಾಶಸ್ತ್ಯದಲ್ಲಿ ಗಿರಿ 4,01,515, ರೆಡ್ಡಿ 3,13,548, ದೇಶಮುಖ್ 1,12,769 ಮೌಲ್ಯದ ಮತ ಪಡೆದರು. ಗೆಲುವಿಗೆ 4,18,169 ಬೇಕಿತ್ತು, ಯಾರಿಗೂ ಬರಲಿಲ್ಲ. ಒಬ್ಬೊಬ್ಬರನ್ನೇ ಕೈಬಿಟ್ಟು ಮತ ವರ್ಗಾಯಿಸಿದಾಗ ರೆಡ್ಡಿ ಅವರಿಗೆ ಹೆಚ್ಚುವರಿಯಾಗಿ 91,879, ಗಿರಿ ಅವರಿಗೆ 18,562 ಸೇರಿತು. ನಿಜಲಿಂಗಪ್ಪನವರ ಲೆಕ್ಕಾಚಾರ ಇಷ್ಟರ ಮಟ್ಟಿಗೆ ಫಲಿಸಿತು. ಆದರೂ ಗಿರಿ 4,20,077 ಮುಟ್ಟಿ ಗೆದ್ದರು, ರೆಡ್ಡಿ 4,05,427ಕ್ಕೆ ನಿಂತರು. ಅಂತರ 14,650, ಅಂದರೆ ಸುಮಾರು 25 ಸಂಸದರ ಮತಕ್ಕೆ ಸಮ. ಎರಡನೇ ಪ್ರಾಶಸ್ತ್ಯದ ಎಣಿಕೆಯಿಂದ ತೀರ್ಮಾನವಾದ ರಾಷ್ಟ್ರಪತಿ ಚುನಾವಣೆ ಇದುವರೆಗೆ ಇದೊಂದೇ.

ಸೋಲಿನ ಮೂಲ ಇದ್ದದ್ದು ಮೊದಲ ಪ್ರಾಶಸ್ತ್ಯದಲ್ಲಿ. ಕಮ್ಯುನಿಸ್ಟರು, ಸಮಾಜವಾದಿಗಳು, ಡಿಎಂಕೆ ಮೊದಲಾದವರ ಜೊತೆಗೆ ಕಾಂಗ್ರೆಸ್ಸಿನ ಸಂಸದರು, ಶಾಸಕರಲ್ಲಿ ಬಹಳ ಮಂದಿ ಗಿರಿ ಅವರಿಗೆ ಮತ ಹಾಕಿದ್ದರು.

ಕರ್ನಾಟಕದ ಮೇಲಾದ ಪರಿಣಾಮ

1969ರ ನವೆಂಬರ್ 12ರಂದು ನಿಜಲಿಂಗಪ್ಪ ನೇತೃತ್ವದ ಕಾರ್ಯಕಾರಿ ಸಮಿತಿ ಇಂದಿರಾ ಗಾಂಧಿ ಅವರನ್ನು ಪಕ್ಷದಿಂದ ಹೊರಹಾಕಿತು. ಸಂಸದರಲ್ಲಿ ಹೆಚ್ಚಿನವರು ಅವರ ಜೊತೆ ಉಳಿದರು, ಪಕ್ಷ ಒಡೆಯಿತು. ಮೈಸೂರು ರಾಜ್ಯದಲ್ಲಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರು ನಿಜಲಿಂಗಪ್ಪನವರ ಸಂಸ್ಥಾ ಕಾಂಗ್ರೆಸ್ಸಿನಲ್ಲಿ ಉಳಿದರು. ಡಿ. ದೇವರಾಜ ಅರಸು ಇಂದಿರಾ ಪಾಳಯ ಸೇರಿ ಅಲ್ಲಿ ಪಕ್ಷ ಕಟ್ಟಿದರು.

1971ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 27 ಕ್ಷೇತ್ರಗಳೂ ಇಂದಿರಾ ಕಾಂಗ್ರೆಸ್ಸಿನ ಪಾಲಾದವು. ಶಿವಮೊಗ್ಗದಲ್ಲಿ ಟಿ.ವಿ. ಚಂದ್ರಶೇಖರಪ್ಪ, ಚಿತ್ರದುರ್ಗದಲ್ಲಿ ಕೊಂಡಜ್ಜಿ ಬಸಪ್ಪ ಗೆದ್ದರು. 1972ರ ವಿಧಾನಸಭಾ ಚುನಾವಣೆಯಲ್ಲಿ 216ರಲ್ಲಿ 165 ಸ್ಥಾನ ಪಡೆದು ಅರಸು ಮುಖ್ಯಮಂತ್ರಿಯಾದರು. ಹಿಂದುಳಿದ ವರ್ಗಗಳ ರಾಜಕಾರಣ, ಭೂಸುಧಾರಣೆಯ ದಶಕ ಹೀಗೆ ಶುರುವಾಯಿತು.

ಪಟೇಲರು ಮುಂದೆ ಜನತಾ ಪಕ್ಷ, ಜನತಾ ದಳಗಳಲ್ಲಿ ಬೆಳೆದರು. 1996ರಲ್ಲಿ ಎಚ್.ಡಿ. ದೇವೇಗೌಡರು ಪ್ರಧಾನಿಯಾದಾಗ ತೆರವಾದ ಮುಖ್ಯಮಂತ್ರಿ ಸ್ಥಾನ ಚನ್ನಗಿರಿಯ ಶಾಸಕರಾಗಿದ್ದ ಅವರಿಗೆ ಬಂತು. ಆ ಆಯ್ಕೆ ಜನತಾ ದಳದ ಶಾಸಕಾಂಗ ಪಕ್ಷದಲ್ಲಿ ಆಯಿತು. ದಾವಣಗೆರೆ ಜಿಲ್ಲೆ ರಚನೆಯಾದದ್ದು ಅವರ ಆಡಳಿತದಲ್ಲೇ.

ಬದಲಾದ ನಿಯಮ, ಬದಲಾಗದ ಪದ್ಧತಿ

1969ರಲ್ಲಿ ನಾಮಪತ್ರಕ್ಕೆ ಒಬ್ಬ ಸೂಚಕ, ಒಬ್ಬ ಅನುಮೋದಕ ಸಾಕಾಗಿತ್ತು. 1974ರಲ್ಲಿ ತಲಾ ಹತ್ತು ಮಂದಿ ಬೇಕೆಂದು ಕಾನೂನು ಬಿಗಿಯಾಯಿತು, ₹2,500 ಠೇವಣಿ ಬಂತು. 1997ರಿಂದ 50 ಸೂಚಕರು, 50 ಅನುಮೋದಕರು ಬೇಕು, ಠೇವಣಿ ₹15,000. ಸೂಚಕರು, ಅನುಮೋದಕರೆಲ್ಲ ಮತದಾರರೇ ಆಗಿರಬೇಕಾದ್ದರಿಂದ ದೊಡ್ಡ ಪಕ್ಷಗಳ ಬೆಂಬಲವಿಲ್ಲದವರು ಕಣಕ್ಕಿಳಿಯುವುದು ಈಗ ಕಷ್ಟ. ಸಂಜೀವ ರೆಡ್ಡಿ ಅವರಿಗೆ ತಪ್ಪಿದ ಸ್ಥಾನ 1977ರಲ್ಲಿ ಸಿಕ್ಕಿತು. ಆಗ ನಾಮಪತ್ರ ಸಲ್ಲಿಸಿದ 37 ಮಂದಿಯಲ್ಲಿ 36 ಮಂದಿಯ ಪತ್ರಗಳು ತಿರಸ್ಕೃತವಾಗಿ ಅವರು ಅವಿರೋಧವಾಗಿ ಆಯ್ಕೆಯಾದರು.

ಅಭ್ಯರ್ಥಿಯನ್ನು ಆರಿಸುವ ಪದ್ಧತಿ ಮಾತ್ರ ಬದಲಾಗಲಿಲ್ಲ: ಪಕ್ಷದ ಕೆಳಹಂತದ ಪ್ರತಿನಿಧಿಗಳಿಗೆ ಮತ ಇರುವುದು ಪಕ್ಷದ ಸ್ವಂತ ಹುದ್ದೆಗಳಿಗೆ. ಕಾಂಗ್ರೆಸ್ ಸಂವಿಧಾನದಂತೆ ಬ್ಲಾಕ್ ಮಟ್ಟದಿಂದ ಪ್ರದೇಶ ಕಾಂಗ್ರೆಸ್ ಸಮಿತಿಗೆ ಬರುವ ಪ್ರತಿನಿಧಿಗಳು ಅಧ್ಯಕ್ಷರ ಚುನಾವಣೆಯ ಮತದಾರರು. 2022ರ ಅಕ್ಟೋಬರ್ 17ರಂದು ಆ ಚುನಾವಣೆ ರಾಜ್ಯವಾರು ನಡೆಯಿತು. ಕರ್ನಾಟಕದಲ್ಲಿ ಬೆಂಗಳೂರಿನ ಕೆಪಿಸಿಸಿ ಕಚೇರಿಯಲ್ಲಿ ಮತಗಟ್ಟೆ ಇತ್ತು, ಭಾರತ್ ಜೋಡೊ ಯಾತ್ರೆಯಲ್ಲಿದ್ದವರಿಗಾಗಿ ಬಳ್ಳಾರಿ ಸಮೀಪದ ಸಂಗನಕಲ್ಲಿನಲ್ಲೂ ಏರ್ಪಾಡಾಗಿತ್ತು. ಚಲಾವಣೆಯಾದ 9,385 ಮತಗಳಲ್ಲಿ ಮಲ್ಲಿಕಾರ್ಜುನ ಖರ್ಗೆ 7,897, ಶಶಿ ತರೂರ್ 1,072 ಪಡೆದರು, 416 ತಿರಸ್ಕೃತವಾದವು. ನಿಜಲಿಂಗಪ್ಪನವರ ನಂತರ ಕಾಂಗ್ರೆಸ್ ಅಧ್ಯಕ್ಷರಾದ ಕನ್ನಡಿಗ ಖರ್ಗೆ. ಅಯೋವಾದಲ್ಲಿ ರಾಜ್ಯದ ಫಲಿತಾಂಶವೇ ದೊಡ್ಡ ಸುದ್ದಿ. ಇಲ್ಲಿ ಎಲ್ಲ ರಾಜ್ಯಗಳ ಮತಪತ್ರಗಳನ್ನು ದೆಹಲಿಯಲ್ಲಿ ಬೆರೆಸಿ ಎಣಿಸಿದ್ದರಿಂದ ಯಾವ ರಾಜ್ಯ ಯಾರ ಕಡೆ ಇತ್ತೆಂಬುದು ಹೊರಬರಲಿಲ್ಲ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಮತದಾರರಿಗೆ ರಾಷ್ಟ್ರಪತಿ ಚುನಾವಣೆಯಲ್ಲಿ ಇರುವ ಪಾಲು ತಾವು ಗೆಲ್ಲಿಸಿದ ಶಾಸಕ, ಸಂಸದರ ಮೂಲಕ. ಅಭ್ಯರ್ಥಿಯ ಆಯ್ಕೆಯಲ್ಲಿ ಅವರಿಗಾಗಲಿ, ಅವರ ಊರಿನ ಪಕ್ಷದ ಕಾರ್ಯಕರ್ತರಿಗಾಗಲಿ ಪಾತ್ರವಿಲ್ಲ. ಪಕ್ಷದ ಮೇಲ್ಮಟ್ಟದ ಆಯ್ಕೆ ಮತದಾರರನ್ನು ಕಟ್ಟಿಹಾಕಲಾರದು ಎಂಬುದು 1969ರಲ್ಲಿ ಸಾಬೀತಾಯಿತು. ಆ ಅನುಭವದ ನಂತರ ಬಿಗಿಯಾದದ್ದು ನಾಮಪತ್ರದ ನಿಯಮಗಳು. ಅಭ್ಯರ್ಥಿಯನ್ನು ಆರಿಸುವ ಅಧಿಕಾರ ಇಂದಿಗೂ ಪಕ್ಷಗಳ ಮೇಲಿನ ಕೆಲವರ ಕೈಯಲ್ಲೇ ಇದೆ.